ಶೋಧಯಂತ್ರದ ಮೌನವು ಸಾಕ್ಷ್ಯವಾಗಬಲ್ಲುದೇ?

ಒಂದು ಶಬ್ದವು ಒಂದು ಕಾವ್ಯದಲ್ಲಿ ಪ್ರಯೋಗವಾಗಿದೆಯೇ ಇಲ್ಲವೇ ಎಂಬ ಪ್ರಶ್ನೆ ಹಳಗನ್ನಡದ ವಿಮರ್ಶೆಯಲ್ಲಿ ಚಿಕ್ಕದಲ್ಲ. ಕೃತಿಯ ಕಾಲನಿರ್ಣಯ, ಪ್ರಕ್ಷಿಪ್ತ ಪದ್ಯಗಳ ವಿಚಾರ, ಪಾಠಾಂತರಗಳ ಆಯ್ಕೆ ಇವೆಲ್ಲವೂ ಹಲವೊಮ್ಮೆ ಅದನ್ನೇ ಅವಲಂಬಿಸಿರುತ್ತವೆ. ಹಿಂದೆ ಇದಕ್ಕೆ ಉತ್ತರ ಬಯಸಿದವರು ಮುದ್ರಿತ ಆವೃತ್ತಿಗಳ ಶಬ್ದಸೂಚಿಗಳನ್ನೂ ಕಿಟ್ಟೆಲರ 1894ರ ನಿಘಂಟನ್ನೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ತಿರುವಿಹಾಕುತ್ತಿದ್ದರು. ಹೊರದೇಶಗಳಲ್ಲಿ ನೆಲೆಸಿದ ಅಭ್ಯಾಸಿಗಳಿಗೆ ಈ ಗ್ರಂಥಗಳೆಲ್ಲ ಸುಲಭವಾಗಿ ಕೈಗೆಟುಕುವುದಿಲ್ಲ. ಅವರು ಶೋಧಯಂತ್ರವನ್ನು ಆಶ್ರಯಿಸುವುದು ಸಹಜವೇ ಆಗಿದೆ. ಆದರೆ ಹಾಗೆ ದೊರೆತ ಉತ್ತರದ ಪ್ರಾಮಾಣ್ಯವೆಷ್ಟು ಎಂಬುದನ್ನು ಪರಿಶೀಲಿಸಬೇಕಾಗಿದೆ.

ವಿಧಾನ ಸರಳವಾದುದು. ಗೂಗಲ್‌ನಲ್ಲಿ ರೋಮನ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಚಿಹ್ನೆಯಿಟ್ಟು, ನಡುವೆ ತೆರಪು ಬಿಡದೆ ಜಾಲತಾಣದ ವಿಳಾಸವನ್ನು ಸೇರಿಸಿ, ಬಳಿಕ ಬೇಕಾದ ಶಬ್ದವನ್ನು ಉದ್ಧರಣ ಚಿಹ್ನೆಗಳೊಳಗೆ ಕೊಟ್ಟರೆ ಆ ಒಂದು ತಾಣದ ಪುಟಗಳಷ್ಟೇ ತೋರುತ್ತವೆ. ಕನ್ನಡ ವಿಕಿಸೋರ್ಸ್‌ನಂತಹ ದೊಡ್ಡ ಸಂಗ್ರಹದಲ್ಲಿ ಅರೆನೆನಪಿನ ಒಂದು ಪದ್ಯವನ್ನು ಪತ್ತೆಹಚ್ಚಲು ಇದು ಬಹಳ ನೆರವಾಗುತ್ತದೆ. ಹೀಗೆ ಸಿಕ್ಕಿದ ಪ್ರಯೋಗವನ್ನು ಮುದ್ರಿತ ಪಾಠದೊಡನೆ ತಾಳೆನೋಡಿ ಸ್ವೀಕರಿಸಬಹುದು. ಏನೂ ಸಿಗದಿದ್ದಾಗ ‘ಈ ಶಬ್ದವು ಈ ಕೃತಿಯಲ್ಲಿಲ್ಲ’ ಎಂದು ತೀರ್ಮಾನಿಸುವಲ್ಲಿ ತೊಡಕು ಮೊದಲಾಗುತ್ತದೆ.

ಮೊದಲನೆಯದಾಗಿ, ಶೋಧಯಂತ್ರವು ಹುಡುಕುವುದು ತಾನು ಮೊದಲೇ ಸಿದ್ಧಪಡಿಸಿಕೊಂಡ ಸೂಚಿಯನ್ನು. ತಾಣದ ಎಲ್ಲ ಪುಟಗಳೂ ಆ ಸೂಚಿಯಲ್ಲಿರುತ್ತವೆಂಬ ನಿಯಮವಿಲ್ಲ. ಸೂಚಿಯಲ್ಲಿರುವ ಪುಟಗಳನ್ನು ಸಹ ಈ ಬಗೆಯ ಸೀಮಿತ ಶೋಧವು ಪೂರ್ತಿಯಾಗಿ ತೋರಿಸಲಾರದೆಂದು ಗೂಗಲ್‌ನ ಕೈಪಿಡಿಯೇ ಹೇಳುತ್ತದೆ. ಫಲಿತಾಂಶಗಳ ಸಂಖ್ಯೆ ಕೂಡ ಅಂದಾಜಿನದು. ಇದಲ್ಲದೆ, ಸ್ಕ್ಯಾನ್ ಮಾಡಿದ ಪುಟವು ಬರಿಯ ಚಿತ್ರವಾಗಿ ಉಳಿದಿದ್ದರೆ ಅದರೊಳಗಿನ ಪದಗಳು ಶೋಧಕ್ಕೆ ಒದಗುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಾಠವು ಓದುಗನ ಕಣ್ಣಿಗೆ ಕನ್ನಡವಾಗಿಯೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಯೂ ಕಾಣುತ್ತದೆ.

ಎರಡನೆಯ ಕಾರಣ ಲಿಪಿಗೆ ಸಂಬಂಧಿಸಿದುದು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ತೋರಿಸಿದ್ದಾನೆ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಖಡ್ಗ; ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಬೆರಳಚ್ಚು ಮಾಡುವವರು ೞಕಾರವನ್ನು ಳಕಾರವಾಗಿ, ಱಕಾರವನ್ನು ರಕಾರವಾಗಿ ಬದಲಿಸಿದ ತಾಣದಲ್ಲಿ ‘ಬಾೞ್’ ಎಂದು ಹುಡುಕಿದರೆ ಏನೂ ಸಿಗದು; ‘ಬಾಳ್’ ಎಂದು ಹುಡುಕಿದರೆ ಬದುಕೂ ಖಡ್ಗವೂ ಬೆರೆತು ಬರುತ್ತವೆ. ಯೂನಿಕೋಡ್‌ನಲ್ಲಿ ೞಕಾರಕ್ಕೆ ಮೊದಲು ‘ಫ’ ಎಂಬ ತಪ್ಪು ಹೆಸರು ಬಿದ್ದಿತೆಂಬುದನ್ನೂ ಇಲ್ಲಿ ನೆನೆಯಬಹುದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವಾದ್ದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಬೇಕಾಯಿತು. ನಕಾರಪೊಲ್ಲಿಗೆ ಪ್ರತ್ಯೇಕ ಸ್ಥಾನ ದೊರೆತದ್ದು 2021ರಲ್ಲಷ್ಟೇ.

ಮೂರನೆಯದು ಭಾಷೆಯ ಸ್ವಭಾವ. ‘ಕನ್ನಡ’ ಎಂಬ ಪದವನ್ನು ಅಕ್ಷರಶಃ ಹುಡುಕಿದರೆ ‘ಹಳಗನ್ನಡ’ ಸಿಗದು, ಏಕೆಂದರೆ ಆದೇಶಸಂಧಿಯಲ್ಲಿ ಕಕಾರವು ಗಕಾರವಾಗಿದೆ. ತಾವರೆ ಬೆಟ್ಟದಾವರೆಯಲ್ಲಿ ಮರೆಯಾಗುತ್ತದೆ, ಪನಿಯು ಕಂಬನಿಯಲ್ಲಿ. ಹಾಲನ್ನು ಹುಡುಕುವವನಿಗೆ ಪಾಲ್ ದೊರೆಯುವುದಿಲ್ಲ. ಕಂದ, ವೃತ್ತಗಳಲ್ಲಿ ಶಬ್ದವೊಂದು ಪಾದಾಂತ್ಯದಲ್ಲಿ ಒಡೆದು ಮುಂದಿನ ಪಾದಕ್ಕೆ ಹರಿಯುವುದು ಸಾಮಾನ್ಯ. ಜಾಲತಾಣದಲ್ಲಿ ಪಾದಕ್ಕೊಂದು ಸಾಲು ಮಾಡಿದಾಗ ಆ ಶಬ್ದವು ಯಂತ್ರದ ಪಾಲಿಗೆ ಎರಡು ತುಂಡಾಗಬಹುದು. ಹೀಗೆ ಕಾವ್ಯದ ಛಂದಸ್ಸು, ವ್ಯಾಕರಣಗಳೇ ಶೋಧಕ್ಕೆ ಅಡ್ಡ ನಿಲ್ಲುತ್ತವೆ.

ಆದ್ದರಿಂದ ಯಂತ್ರದ ಮೌನವನ್ನು ಪ್ರಮಾಣವಾಗಿ ಮುಂದಿಡುವ ಮೊದಲು ಕೆಲವು ಪರೀಕ್ಷೆಗಳು ಆವಶ್ಯಕ. ಆ ತಾಣದಲ್ಲಿ ಇದೆಯೆಂದು ಖಚಿತವಾಗಿ ತಿಳಿದಿರುವ, ಅದೇ ಕೃತಿಯ ಬೇರೆ ಬೇರೆ ಪುಟಗಳ ಕೆಲವು ಶಬ್ದಗಳನ್ನು ಮೊದಲು ಹುಡುಕಬೇಕು. ಅವೇ ಸಿಗದಿದ್ದರೆ ಉಳಿದ ಶಬ್ದಗಳ ಅಭಾವಕ್ಕೆ ಬೆಲೆಯಿಲ್ಲ. ಅನಂತರ ಶಬ್ದದ ಸಂಧಿರೂಪ, ವಿಭಕ್ತಿರೂಪ, ಅಕ್ಷರಭೇದಗಳನ್ನೆಲ್ಲ ಪಟ್ಟಿಮಾಡಿ ಒಂದೊಂದಾಗಿ ಪರಿಶೀಲಿಸಬೇಕು. ವಚನ ಸಂಚಯದಂತೆ ತನ್ನದೇ ಆದ ಪದಶೋಧವುಳ್ಳ ತಾಣಗಳಲ್ಲಿ ಅದನ್ನೇ ಮೊದಲು ಬಳಸುವುದು ಲೇಸು. ಯಾವ ತಾಣದಲ್ಲಿ, ಯಾವ ದಿನ, ಯಾವ ರೂಪಗಳನ್ನು ಹುಡುಕಲಾಯಿತೆಂಬುದನ್ನು ಲೇಖನದಲ್ಲಿ ನಮೂದಿಸಿದರೆ ಇತರರು ಅದನ್ನು ಮತ್ತೆ ಪರೀಕ್ಷಿಸಲು ಸಾಧ್ಯವಾಗುತ್ತದೆ.

ಪದ್ಯವೊಂದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಿದರೆ ಮುಂದಿನ ಸಂಪಾದಕರು ಅದನ್ನು ಅಡಿಟಿಪ್ಪಣಿಗೆ ಇಳಿಸಬಹುದು; ಕ್ರಮೇಣ ಅದು ಓದುಗರ ಕಣ್ಣಿನಿಂದಲೇ ಮರೆಯಾಗಬಹುದು. ಅಷ್ಟು ದೊಡ್ಡ ನಿರ್ಣಯಕ್ಕೆ ಖಾಲಿ ಬಂದ ಶೋಧಪುಟವೊಂದು ಆಧಾರವಾಗಲಾರದು. ಇಡೀ ಕೃತಿಯನ್ನು ಓದಿದವರು ಮಾತ್ರ ಅದರಲ್ಲಿ ಏನಿಲ್ಲವೆಂಬುದನ್ನು ಹೇಳಬಲ್ಲರು.