ಚೆಂದ ಕಾಣುವ ಹಂಗಿಲ್ಲದ ನಾಯಕಿ

ಶಕ್ತಿ ಕೈಗೆ ಬಂದ ಕೂಡಲೇ ಕಮಲಾ ಖಾನ್ ಮಾಡುವ ಮೊದಲ ಕೆಲಸ ತನ್ನ ರೂಪವನ್ನೇ ಬಿಟ್ಟುಕೊಡುವುದು. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಈ ಹದಿನಾರರ ಹುಡುಗಿ ತಾನು ಆರಾಧಿಸುವ ಸೂಪರ್‌ಹೀರೋ ಕ್ಯಾರೊಲ್ ಡ್ಯಾನ್ವರ್ಸ್ ಆಗಿಬಿಡುತ್ತಾಳೆ: ಹೊಂಬಣ್ಣದ ಕೂದಲು, ತೊಡೆಯವರೆಗಿನ ಬೂಟು, ಮೈಗಂಟಿದ ಉಡುಪು. ಆಸೆಯೇನೋ ಕೈಗೂಡಿತು, ಆದರೆ ಆ ಬಟ್ಟೆ ಕಂಡಕಂಡಲ್ಲಿ ಹಿಡಿಯುತ್ತದೆ, ಕೂದಲು ಮುಖಕ್ಕೆ ಬರುತ್ತದೆ. 2014ರಲ್ಲಿ ಶುರುವಾದ 'ಮಿಸ್ ಮಾರ್ವೆಲ್' ಕಾಮಿಕ್ ಸರಣಿ ಓದುಗರನ್ನು ಹಿಡಿದಿಟ್ಟದ್ದು ಈ ಇರಿಸುಮುರಿಸಿನಿಂದ ಎಂದು ನನ್ನ ಎಣಿಕೆ.

ಹೊಗಳಿದವರು ಹೆಚ್ಚಾಗಿ ಹೇಳಿದ್ದು ಬೇರೆ ಮಾತು. ಮಾರ್ವೆಲ್‌ನಲ್ಲಿ ತನ್ನದೇ ಸರಣಿ ಪಡೆದ ಮೊದಲ ಮುಸ್ಲಿಂ ಪಾತ್ರ ಇವಳು ಎಂಬುದೇ ದೊಡ್ಡ ಸುದ್ದಿಯಾಯಿತು. ಅದು ಸಣ್ಣ ಸಂಗತಿಯಲ್ಲ, ನಿಜ. ಆದರೆ ಅಂಥ ಹೆಗ್ಗಳಿಕೆ ಮೊದಲ ಸಂಚಿಕೆಯನ್ನು ಮಾರೀತು, ಹತ್ತನೆಯದನ್ನಲ್ಲ. ಸಂಪಾದಕಿ ಸನಾ ಅಮಾನತ್, ಲೇಖಕಿ ಜಿ. ವಿಲೋ ವಿಲ್ಸನ್, ಚಿತ್ರಕಾರ ಏಡ್ರಿಯನ್ ಅಲ್ಫೋನಾ ಸೇರಿ ಕಟ್ಟಿದ ಮೊದಲ ಸಂಪುಟಕ್ಕೆ 2015ರ ಹ್ಯೂಗೊ ಪ್ರಶಸ್ತಿ ಬಂತು. ಅದಕ್ಕೆ ತಕ್ಕ ಕಸುಬು ಅದರಲ್ಲಿದೆ.

ಕಮಲಾ ನಾಯಕಿಯಾಗುವ ಮೊದಲು ಅಭಿಮಾನಿ. ಅವೆಂಜರ್ಸ್ ಬಗ್ಗೆ ತಾನೇ ಕಥೆ ಬರೆದು ಇಂಟರ್ನೆಟ್ಟಿಗೆ ಹಾಕುವವಳು. ಚರಂಡಿಯೊಳಗೆ ಮತ್ತೊಬ್ಬ ಸೂಪರ್‌ಹೀರೋ ವೊಲ್ವರಿನ್ ಎದುರಾದಾಗ ಅಪಾಯ ಮರೆತು ಕುಣಿದಾಡುತ್ತಾಳೆ. ಓದುಗ ನಿಂತ ಜಾಗದಲ್ಲೇ ಅವಳೂ ನಿಂತಿದ್ದಾಳೆ. ಅವಳೊಳಕ್ಕೆ ಹೊಗಲು ಓದುಗನಿಗೆ ಬೇರೆ ಬಾಗಿಲು ಬೇಕಿಲ್ಲ.

ಇನ್ನು ಮನೆ. ಪಾರ್ಟಿಗೆ ಹೋಗಬೇಡವೆನ್ನುವ ಅಪ್ಪ, ಮಗಳು ಕೈತಪ್ಪುತ್ತಾಳೆಂದು ಕುದಿಯುವ ಅಮ್ಮ, ನಮಾಜಿನಲ್ಲೇ ಮುಳುಗಿ ಕೆಲಸ ಹುಡುಕದ ಅಣ್ಣ. ಇವರನ್ನು ಅಡ್ಡಿಯಾಗಿ ನಿಲ್ಲಿಸಿಬಿಡುವುದು ಸುಲಭವಿತ್ತು. ವಿಲ್ಸನ್ ಹಾಗೆ ಮಾಡುವುದಿಲ್ಲ. ಬೈಸಿಕೊಳ್ಳಲು ಸಿದ್ಧಳಾಗಿ ಹೋದ ಕಮಲಾಗೆ ಮಸೀದಿಯ ಶೇಖ್ ಅಬ್ದುಲ್ಲಾ, ನೀನು ಮಾಡುತ್ತಿರುವುದನ್ನು ಮಾಡಲೇಬೇಕೆಂದಿದ್ದರೆ ಒಳ್ಳೆಯ ಗುರುವನ್ನು ಹುಡುಕಿಕೋ ಎನ್ನುತ್ತಾರೆ. ಕೊನೆಗೊಮ್ಮೆ ಧೈರ್ಯ ತಂದುಕೊಂಡು ಗುಟ್ಟು ಬಿಚ್ಚಿದರೆ ಅಮ್ಮನಿಗೆ ಅದು ಮೊದಲೇ ಗೊತ್ತು. ಇಡೀ ಸರಣಿಯ ಅತ್ಯುತ್ತಮ ಘಟ್ಟ ಅದೇ. ಅಲ್ಲಿ ಒಂದು ಗುದ್ದೂ ಬೀಳುವುದಿಲ್ಲ.

ಹೊಡೆದಾಟಗಳು ಸಪ್ಪೆ. ಖಳನಂತೂ ಗಿಳಿಯ ವಂಶವಾಹಿ ಬೆರೆತ ಥಾಮಸ್ ಎಡಿಸನ್‌ನ ತದ್ರೂಪಿ, ಹಕ್ಕಿಯ ತಲೆಯವನು! ನಕ್ಕು ಪುಟ ತಿರುಗಿಸಬೇಕು ಎನ್ನುವಷ್ಟರಲ್ಲಿ ಅವನ ಸಂಚು ಮನಸ್ಸಿಗೆ ತಟ್ಟುತ್ತದೆ. ನಿಮ್ಮ ಪೀಳಿಗೆ ಭೂಮಿಗೆ ಭಾರ ಎಂದು ಹರೆಯದವರನ್ನು ನಂಬಿಸಿ, ಅವರು ತಾವಾಗಿಯೇ ಬ್ಯಾಟರಿಗಳಂತೆ ಯಂತ್ರದೊಳಗೆ ಕೂರುವಂತೆ ಮಾಡಿದ್ದಾನೆ. ಹಿರಿಯರ ಗೊಣಗಾಟವನ್ನು ಖಳನ ಬಾಯಲ್ಲಿಟ್ಟ ಈ ಜಾಣತನಕ್ಕೆ ಹಕ್ಕಿತಲೆಯನ್ನು ಕ್ಷಮಿಸಬಹುದು.

ಕ್ಷಮಿಸಲಾಗದ್ದು ಮಾರ್ವೆಲ್‌ನ ವ್ಯಾಪಾರ. 2016ರ 'ಸಿವಿಲ್ ವಾರ್ 2'ನಂಥ ಮಹಾಕಲಹಗಳಿಗೆ ಅವಳನ್ನು ಎಳೆದಾಗೆಲ್ಲ ಜೆರ್ಸಿ ಸಿಟಿ ಮಸುಕಾಗುತ್ತದೆ. 2023ರಲ್ಲಿ ಸ್ಪೈಡರ್‌ಮ್ಯಾನ್ ಸರಣಿಯಲ್ಲಿ, ಅದೂ ಆ ನಾಯಕನ ಹಳೆಯ ಗೆಳತಿ ಮೇರಿ ಜೇನ್‌ಳ ವೇಷದಲ್ಲಿ, ಅವಳನ್ನು ಸಾಯಿಸಿ, ಕೆಲವೇ ತಿಂಗಳಲ್ಲಿ ಮ್ಯೂಟಂಟ್, ಅಂದರೆ ಹುಟ್ಟಿನಿಂದಲೇ ಶಕ್ತಿಯ ವಂಶವಾಹಿ ಉಳ್ಳವಳು, ಎಂದು ಎಬ್ಬಿಸಿದ್ದು ಕಥೆಯ ಅಗತ್ಯದಿಂದ ಎಂದು ನನಗೆ ಅನಿಸಿಲ್ಲ.

2022ರ ಟಿವಿ ಸರಣಿಯಲ್ಲಿ ಇಮಾನ್ ವೆಲ್ಲಾನಿ ಲವಲವಿಕೆಯ ಕಮಲಾ. ಆದರೆ ಅಲ್ಲಿ ಶಕ್ತಿ ಬಳೆಯಿಂದ ಬರುತ್ತದೆ, ಮೈ ಹಿಗ್ಗುವ ಬದಲು ಹೊಳೆಯುವ ಬೆಳಕಿನ ಆಕಾರಗಳು ಮೂಡುತ್ತವೆ. ನೋಡಲು ಸೊಗಸು. ಅಲ್ಫೋನಾ ಬರೆದ ಹುಡುಗಿಗಾದರೋ ಮುಷ್ಟಿ ಕಾರಿನಷ್ಟು ಊದುತ್ತಿತ್ತು, ಕಾಲು ಒಂಟೆಯ ಕಾಲಿನಂತೆ ಉದ್ದವಾಗುತ್ತಿತ್ತು. ಹದಿಹರೆಯದ ಮೈ ಹೇಳಿದಂತೆ ಕೇಳುವುದಿಲ್ಲ ಎಂಬುದನ್ನು ಅಷ್ಟು ವಿಕಾರವಾಗಿ, ಅಷ್ಟು ನಗುವಂತೆ ತೋರಿಸುವ ಧೈರ್ಯ ಟಿವಿಗೆ ಬರಲಿಲ್ಲ.