ಯಾರೂ ಇಲ್ಲದ ಬೆಟ್ಟ

ಕಂಪ್ಯೂಟರ್ ಮುಟ್ಟಿದ ಹಳ್ಳಿ ಮೇಷ್ಟ್ರಿಗೆಲ್ಲ ಒಂದು ಚಿತ್ರ ಗೊತ್ತು. ಹಸಿರು ಗುಡ್ಡ, ಮೇಲೆ ನೀಲಿ ಆಕಾಶ, ಅಲ್ಲಲ್ಲಿ ಬಿಳಿ ಮೋಡ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತೆರೆದ ಕೂಡಲೇ ಕಾಣುತ್ತಿದ್ದ ಚಿತ್ರ. ಇದನ್ನು ಯಾರೋ ಕಂಪ್ಯೂಟರಿನಲ್ಲೇ ಬರೆದಿದ್ದಾರೆ ಅಂತ ಎಷ್ಟೋ ಜನ ತಿಳಿದಿದ್ದರು. ಅದು ಫೋಟೋ. ಚಾರ್ಲ್ಸ್ ಒ'ರಿಯರ್ ಎಂಬಾತ 1996ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ ತೆಗೆದದ್ದು. ಆ ಗುಡ್ಡ ದ್ರಾಕ್ಷಿ ಬೆಳೆಯುವ ಸೀಮೆಯದು. ಬೇರು ತಿನ್ನುವ ಫಿಲಾಕ್ಸೆರಾ ಹುಳು ಬಿದ್ದು, ಬಳ್ಳಿಗಳನ್ನು ಕಿತ್ತು ಹಾಕಿದ್ದರು. ಆ ಜಾಗದಲ್ಲಿ ಮಳೆಗೆ ಹುಲ್ಲು ಎದ್ದಿತ್ತು. ಲೋಕವೆಲ್ಲ 'ಶುದ್ಧ ಪ್ರಕೃತಿ' ಅಂತ ನೋಡಿದ್ದು ಹುಳು ತಿಂದ ಒಂದು ಬೆಳೆಯ ಸಮಾಧಿಯನ್ನು. ಅಲ್ಲಿ ಬಳ್ಳಿ ಕಟ್ಟಿದ ಕೈಗಳು ಎಲ್ಲಿಗೆ ಹೋದವು? ಚಿತ್ರ ಅಷ್ಟು ಚೆಂದವಾಗಿದ್ದರಿಂದ ಯಾರೂ ಕೇಳಲಿಲ್ಲ.

ಇವತ್ತು ನಮ್ಮ ಕೇರಿಯ ಹುಡುಗರು, ಹುಡುಗಿಯರು ಕೂಡ ಪರದೆಯ ಮೇಲೆ ನಿಸರ್ಗಚಿತ್ರ ಬರೆಯುತ್ತಿದ್ದಾರೆ. ಇದು ಸಂತೋಷದ ಮಾತು. ಬಣ್ಣ, ಕ್ಯಾನ್‌ವಾಸು, ಕಲಾಶಾಲೆಯ ಫೀಜು ಇಲ್ಲದೆ ಕಲಿಯಬಹುದು. ಆದರೆ ಅವರು ಬರೆದದ್ದನ್ನು ಸಾಲಾಗಿ ಇಟ್ಟು ನೋಡಿ. ಹಿಮ ಹೊದ್ದ ಶಿಖರ, ಕನ್ನಡಿಯಂಥ ಸರೋವರ, ಪೈನ್ ಮರಗಳು, ಮಂಜು. ಎಲ್ಲವೂ ನಿಜದ ಹಾಗೆ ಕಾಣುತ್ತವೆ. ಆದರೆ ಹಿಮವನ್ನೇ ಕಾಣದ ಹುಡುಗ ಹಿಮವನ್ನು ಇಷ್ಟು ನಿಜವಾಗಿ ಬರೆದದ್ದು ಹೇಗೆ? ಬ್ರಷ್ಷು ಬರೆಸಿತು.

ಆ ಬ್ರಷ್ಷು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು ಮೊದಲು ತಿಳಿಯಬೇಕು. ತಿಳಿಯದೆ ಬೈಯುವುದು ವಿಮರ್ಶೆಯಲ್ಲ. ಡಿಜಿಟಲ್ ಕುಂಚದ ತುದಿ ಅನ್ನೋದು ಒಂದು ಹೆಬ್ಬೆಟ್ಟು, ಅಷ್ಟೇ. ಕಪ್ಪು ಬಿಳುಪಿನ ಒಂದು ಚಿಕ್ಕ ಅಚ್ಚು. ಪೆನ್ನು ಎಳೆದ ಕಡೆಯೆಲ್ಲ ಅದು ಒತ್ತುತ್ತಾ ಹೋಗುತ್ತೆ. ಒತ್ತಿಗೂ ಒತ್ತಿಗೂ ನಡುವೆ ಎಷ್ಟು ಅಂತರ, ಪ್ರತಿ ಸಲ ಎಷ್ಟು ತಿರುಗಬೇಕು, ಎಷ್ಟು ಚೆದುರಬೇಕು, ಬಣ್ಣ ಎಷ್ಟು ಬದಲಾಗಬೇಕು, ಕೈ ಒತ್ತಿದರೆ ದಪ್ಪವಾಗಬೇಕೋ ಗಾಢವಾಗಬೇಕೋ, ಇದನ್ನೆಲ್ಲ ನಾವೇ ಗೊತ್ತು ಮಾಡಬಹುದು. ಒಂದು ಎಲೆಯ ಅಚ್ಚು ಇಟ್ಟು ಚೆದುರಿಸಿದರೆ ಕ್ಷಣದಲ್ಲಿ ಮರ. ಒಂದು ಗರಿಕೆಯ ಅಚ್ಚು ಎಳೆದರೆ ಗೋಮಾಳ. ಫೋಟೋಶಾಪ್ 1990ರಲ್ಲಿ ಬಂತು. 2002ರ ಏಳನೇ ಆವೃತ್ತಿಯಲ್ಲಿ ಇಂಥ ಬ್ರಷ್ಷುಗಳನ್ನು ಮನಸ್ಸಿಗೆ ಬಂದಂತೆ ಕಟ್ಟುವ ಯಂತ್ರವನ್ನು ಸೇರಿಸಿದರು. ಅದರ ಜೊತೆ ಬಿಟ್ಟಿ ಬರುತ್ತಿದ್ದ ಬ್ರಷ್ಷುಗಳಲ್ಲಿ ಒಂದು ಮರಳದಿಬ್ಬದ ಹುಲ್ಲು, ಇನ್ನೊಂದು ಚೆದುರಿದ ಮೇಪಲ್ ಎಲೆ. ನಮ್ಮೂರ ಹೊಂಗೆ, ಹುಣಸೆ, ಜಾಲಿ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ, ಮಾಡಿದವರು ಅವರ ಬಾಗಿಲಲ್ಲಿದ್ದ ಮರ ನೋಡಿ ಮಾಡಿದರು. ನಾವು ಮಾತ್ರ ಅವರ ಬಾಗಿಲಿಗೆ ಹೋಗಿ ನಿಂತು ನಮ್ಮ ಹಿತ್ತಲನ್ನು ಹುಡುಕುತ್ತಾ ಇದ್ದೇವೆ.

ಆದರೆ ಪ್ರಶ್ನೆ ಎಲೆಯದ್ದಷ್ಟೇ ಅಲ್ಲ. ಈ ಚಿತ್ರಗಳಲ್ಲಿ ಜನ ಯಾಕಿಲ್ಲ?

ಇದಕ್ಕೆ ಹಳೇ ಬೇರು ಇದೆ. ಇಂಗ್ಲೆಂಡಿನ ಗೇನ್ಸ್‌ಬರೋ ಸುಮಾರು 1750ರಲ್ಲಿ ಆಂಡ್ರ್ಯೂಸ್ ದಂಪತಿಗಳ ಚಿತ್ರ ಬರೆದ. ಗಂಡ ಹೆಂಡತಿ ಮರದಡಿ ಇದ್ದಾರೆ, ಹಿಂದೆ ಅವರ ಜಮೀನು. ಗೋಧಿ ಕೊಯ್ಲಾಗಿದೆ, ಸಿವುಡು ನಿಲ್ಲಿಸಿದ್ದಾರೆ. ಕೊಯ್ದವರು ಒಬ್ಬರೂ ಇಲ್ಲ. ಈ ದಂಪತಿ ನಿಸರ್ಗ ನೋಡುತ್ತಿರುವವರಲ್ಲ, ಭೂಮಾಲೀಕರು, ಆ ಗರ್ವ ಮುಖದ ಮೇಲೇ ಇದೆ ಅಂತ ಜಾನ್ ಬರ್ಜರ್ 1972ರಲ್ಲೇ ಬಿಡಿಸಿ ಹೇಳಿದ. ಅಮೆರಿಕದಲ್ಲಿ ಆಲ್ಬರ್ಟ್ ಬೀರ್‌ಸ್ಟಾಟ್ 1865ರಲ್ಲಿ ಯೊಸೆಮಿಟಿ ಕಣಿವೆಯನ್ನು ಬರೆದ. ಹೊಂಬಿಸಿಲು, ಆಕಾಶ ಮುಟ್ಟುವ ಬಂಡೆ, ಮೌನ. ದೇವರು ಈಗ ತಾನೇ ಮಾಡಿಟ್ಟ ಹಾಗೆ. ಅದಕ್ಕೆ 14 ವರ್ಷ ಮುಂಚೆ, 1851ರಲ್ಲಿ, ಮ್ಯಾರಿಪೋಸಾ ದಂಡು ಅದೇ ಕಣಿವೆಗೆ ನುಗ್ಗಿ, ಅಲ್ಲಿದ್ದ ಅವಾನೀಚಿ ಜನರ ಗುಡಿಸಲು ಸುಟ್ಟು, ಕೂಡಿಟ್ಟ ಕಾಳು ಸುಟ್ಟು ಅವರನ್ನು ಓಡಿಸಿತ್ತು. ಮೊದಲು ಬಂದೂಕು ಕಣಿವೆಯನ್ನು ಖಾಲಿ ಮಾಡಿತು. ಆಮೇಲೆ ಕುಂಚ ಬಂದು 'ಇದು ಮೊದಲಿಂದಲೂ ಖಾಲಿ' ಅಂತ ಸಾಕ್ಷಿ ಹೇಳಿತು.

ಇವತ್ತಿನ ಡಿಜಿಟಲ್ ನಿಸರ್ಗಚಿತ್ರದ ಬೆಳಕು, ಮಂಜು, ಎತ್ತರದಿಂದ ನೋಡುವ ಕಣ್ಣು, ಎಲ್ಲ ಈ ಮನೆತನದ್ದೇ. ಕಲಿಯುವ ಹುಡುಗನಿಗೆ ಇದು ಗೊತ್ತಿಲ್ಲ. ಅವನು ತಂತ್ರ ಕಲಿಯುತ್ತಿದ್ದೇನೆ ಅಂದುಕೊಂಡಿದ್ದಾನೆ. ತಂತ್ರದ ಜೊತೆ ಯಜಮಾನನ ಕಣ್ಣೂ ಬಂದು ಕೂತಿರುತ್ತೆ.

'ಒಂದು ಚಿತ್ರಕ್ಕೆ ಇಷ್ಟೆಲ್ಲ ರಾದ್ಧಾಂತ ಬೇಕಾ?' ಅಂತ ಕೇಳಬಹುದು. ಬೇಕು. ಖಾಲಿ ಅನ್ನೋ ಮಾತಿನ ಬೆಲೆ ನಮಗೆ ಗೊತ್ತು. ಕಂದಾಯ ಇಲಾಖೆಯ ಪಹಣಿಯಲ್ಲಿ 'ಖರಾಬು' ಅಂತ ಬರೆದ ಗುಡ್ಡದಲ್ಲಿ ನಮ್ಮವರು ಸೌದೆ ಆಯ್ದಿದ್ದಾರೆ, ಮೇಕೆ ಮೇಯಿಸಿದ್ದಾರೆ, ಸತ್ತವರನ್ನು ಹೂತಿದ್ದಾರೆ. ಕಲ್ಲು ಆರಿಸಿ ಹೊಲ ಮಾಡಿದ ಮೇಲೆ ಅದರ ಮೇಲೆ ಊರಿನ ಕಣ್ಣು ಬಿತ್ತು. ಮಂಜೂರಾದ ತುಂಡು ಭೂಮಿಯೂ ಕೈ ಜಾರಿ ಹೋಗುತ್ತಿದ್ದುದರಿಂದಲೇ 1978ರ ಪಿಟಿಸಿಎಲ್ ಕಾಯ್ದೆ ಬೇಕಾಯಿತು. ನಾಗರಹೊಳೆಯಲ್ಲಿ ಜೇನು ಕುರುಬರನ್ನು ಹಾಡಿಗಳಿಂದ ಹೊರಗೆ ಹಾಕಿದಾಗಲೂ ಹೇಳಿದ ಮಾತು ಇದೇ, ಕಾಡು ಕಾಡಾಗಿರಬೇಕು, ಜನ ಇರಬಾರದು. ಆ ಜನರ ಹಕ್ಕನ್ನು ಕಾನೂನು ಒಪ್ಪಲು 2006ರ ಅರಣ್ಯ ಹಕ್ಕು ಕಾಯ್ದೆ ಬರಬೇಕಾಯಿತು. ಒಪ್ಪಿದ ಮೇಲೂ ಹಕ್ಕುಪತ್ರಕ್ಕೆ ಅಲೆದಾಟ ತಪ್ಪಲಿಲ್ಲ. ಯಾರೂ ಇಲ್ಲದ ಬೆಟ್ಟದ ಚಿತ್ರವನ್ನು ಸಾವಿರ ಸಲ ನೋಡಿದ ಕಣ್ಣಿಗೆ, ಬೆಟ್ಟದಲ್ಲಿ ಇರುವ ಮನುಷ್ಯ ಅತಿಕ್ರಮಣದಾರನಾಗಿಯೇ ಕಾಣುತ್ತಾನೆ.

ಇನ್ನೊಂದು ಕಡೆಯಿಂದ ನಮ್ಮದೇ ಸಂಗಾತಿಗಳು ಹೇಳುತ್ತಾರೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ? ಬೆಟ್ಟ ಗುಡ್ಡ ಬರೆಯೋದು ಉಂಡಾಡಿಗಳ ಕೆಲಸ, ನಾವು ಪೋಸ್ಟರು ಬರೆಯೋಣ. ಈ ಮಾತನ್ನೂ ನಾನು ಒಪ್ಪುವುದಿಲ್ಲ. ಹೆಬ್ಬೆಟ್ಟು ಒತ್ತಿದ ನಮ್ಮಪ್ಪನಿಗೆ ಮೋಡದ ಬಣ್ಣ ನೋಡಿ ಮಳೆ ಹೇಳೋದು ಗೊತ್ತಿತ್ತು. ನಾಟಿ ಹಾಕುವ ನಮ್ಮವ್ವನಿಗೆ ಕೆಸರಿನ ಎಷ್ಟು ಬಗೆ ಅಂತ ಗೊತ್ತು. ನೆಲವನ್ನು ಇಷ್ಟು ಹತ್ತಿರದಿಂದ ಕಂಡ ಜನ ನೆಲದ ಚೆಲುವನ್ನು ಮೇಲಿನವರಿಗೆ ಬಿಟ್ಟುಕೊಟ್ಟು ಬರಬೇಕಾ? ನೀರಿನ ಹಾಗೆ, ಗುಡಿಯ ಹಾಗೆ, ಚೆಲುವಿನ ಮೇಲೂ ನಮಗೆ ಹಕ್ಕಿದೆ.

ಹಾಗಾದರೆ ಏನು ಮಾಡೋದು? ಬ್ರಷ್ಷನ್ನು ನಾವೇ ಕಟ್ಟೋದು. ಫೋಟೋಶಾಪಿನ ಕಂಪನಿ 2013ರಿಂದ ಬಾಡಿಗೆ ಪದ್ಧತಿಗೆ ತಿರುಗಿತು, ಕಟ್ಟುವುದು ನಿಂತರೆ ಕುಂಚವೂ ನಿಲ್ಲುತ್ತೆ. ಆದರೆ ಕ್ರಿಟಾ ಅಂತ ಒಂದು ಮುಕ್ತ ತಂತ್ರಾಂಶ ಇದೆ. ದುಡ್ಡು ಕೊಡಬೇಕಿಲ್ಲ. ಬ್ರಷ್ಷು ಕಟ್ಟುವ ಯಂತ್ರ ಅದರೊಳಗೇ ಇದೆ. ಜೋಳದ ಕೂಳೆಯ ಒಂದು ಹಿಡಿ ಕಿತ್ತು, ಮಸಿಯಲ್ಲಿ ಅದ್ದಿ, ಬಿಳಿ ಹಾಳೆಗೆ ಒತ್ತಿ. ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಅದೇ ಅಚ್ಚು. ಈಚಲ ಪೊರಕೆ ಒತ್ತಿ, ಒಣಹುಲ್ಲು ಆಗುತ್ತೆ. ಹುಣಸೆ ತೊಗಟೆ ಒತ್ತಿ, ಬಂಡೆಯ ಬಿರುಕು ಆಗುತ್ತೆ. ಊರು ಗುಡಿಸಲಿಕ್ಕೆ ಅಂತ ನಮ್ಮ ಕೈಗೆ ಕೊಟ್ಟ ಪೊರಕೆ ಇವತ್ತು ಚಿತ್ರ ಬರೆಯಲಿ.

ಆದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಜಾಲಿಯ ಅಚ್ಚನ್ನೂ ನೂರು ಸಲ ಕಣ್ಣು ಮುಚ್ಚಿ ಒತ್ತಿದರೆ ಅದೂ ಮದುವೆ ಚಪ್ಪರದ ಅಲಂಕಾರವೇ. ಅಚ್ಚು ಎಲ್ಲ ಮರವನ್ನೂ ಒಂದೇ ಮಾಡುತ್ತೆ, ನಿಮ್ಮ ಕಣ್ಣು ಬೇರೆ ಮಾಡಬೇಕು. ಜಾಲಿಯ ಎಲೆ ಸಣ್ಣದು, ಬೆಳಕು ಜರಡಿ ಹಿಡಿದಂತೆ ಇಳಿಯುತ್ತೆ, ನೆರಳು ತೆಳು. ಹೊಂಗೆಯ ನೆರಳು ದಟ್ಟ. ದೂರದ ಬೆಟ್ಟ ನೀಲಿಯಾಗಿ ಕಾಣಬೇಕು ಅಂತ ಪಾಠದಲ್ಲಿ ಹೇಳುತ್ತಾರೆ. ನಿಜ, ಗಾಳಿ ತಿಳಿಯಾಗಿದ್ದರೆ. ನಮ್ಮ ಬಯಲುಸೀಮೆಯ ಏಪ್ರಿಲ್‌ನಲ್ಲಿ ಧೂಳು ದೂರವನ್ನು ಬೂದಿ ಬಣ್ಣ ಮಾಡುತ್ತೆ. ಪಾಠವನ್ನು ನಂಬಬೇಡಿ, ಹೊರಗೆ ಹೋಗಿ ನೋಡಿ.

ನೋಡಿದರೆ ಇನ್ನೊಂದು ಕಾಣುತ್ತೆ. ಮೇಕೆ ಮೇಯುವ ಕಡೆ ಗಿಡಗಳ ಕೆಳಗಿನ ಎಲೆ ಒಂದೇ ಎತ್ತರಕ್ಕೆ ಬೋಳಾಗಿರುತ್ತೆ. ಮೇಕೆ ಹಿಂಗಾಲ ಮೇಲೆ ನಿಂತು ಎಟುಕಿಸಿಕೊಂಡಷ್ಟು ಎತ್ತರ. ಸೊಪ್ಪಿಗೆ ಕಡಿದ ಬೇವಿನ ಕೊಂಬೆಯಲ್ಲಿ ಗಂಟು ಇರುತ್ತೆ. ಹೊಲದ ಬದುವಿನಲ್ಲಿ ಆರಿಸಿ ಎಸೆದ ಕಲ್ಲಿನ ಗುಡ್ಡೆ. ಕೇರಿಯಿಂದ ನೀರಿಗೆ ಹೋಗುವ ಕಾಲುದಾರಿ, ಊರಿನ ದಾರಿಗಿಂತ ಉದ್ದ, ಬಳಸು. ಈ ಗುರುತು ಬರೆದರೆ ಸಾಕು, ಒಬ್ಬ ಮನುಷ್ಯನನ್ನೂ ಬರೆಯದೆ ಅಲ್ಲಿ ಜನ ಇದ್ದಾರೆ ಅಂತ ಗೊತ್ತಾಗುತ್ತೆ. ಇವಿಲ್ಲದ ಚಿತ್ರವನ್ನು 'ನೈಜ' ಅಂತ ಕರೆಯೋದು ಸುಳ್ಳು ಪಹಣಿಗೆ ಸೀಲು ಒತ್ತಿದ ಹಾಗೆ.

ಆದ್ದರಿಂದ ಡ್ರಾಯಿಂಗ್ ಪಾಠ ಮಾಡುವ ಮೇಷ್ಟ್ರುಗಳಲ್ಲಿ, ಚಿತ್ರ ಬರೆಯುವ ಗೆಳೆಯರಲ್ಲಿ ನನ್ನದು ಒಂದು ಕೋರಿಕೆ. ನಿಸರ್ಗಚಿತ್ರ ಬರೆದು ತಂದ ಹುಡುಗನಿಗೆ 'ಎಷ್ಟು ಚೆನ್ನಾಗಿದೆ' ಅನ್ನುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಮರ? ಇದು ಯಾವ ತಿಂಗಳು? ಈ ನೆಲ ಯಾರದು? ಇಲ್ಲಿ ಬೆಳಗ್ಗೆ ಕೆಲಸ ಮಾಡಿ ಹೋದವರು ಯಾರು? ಉತ್ತರ ಬರದಿದ್ದರೆ ಬೈಯಬೇಡಿ. ಅವನ ಜೊತೆ ನೀವೂ ಎದ್ದು ಗುಡ್ಡದ ಕಡೆ ನಡೆಯಿರಿ.