ಅಡುಗೆಮನೆಯಲ್ಲಿ ಕೂತು ಓದಿ

ಬೆಳಗಾವಿಯಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದವರನ್ನು ವಿಕ್ಟೋರಿಯನ್ ಕಾದಂಬರಿಯ ಬಗ್ಗೆ ಕೇಳಿ ನೋಡಿ. 'ವುದರಿಂಗ್ ಹೈಟ್ಸ್'ನ ಹೀತ್‌ಕ್ಲಿಫ್‌ನ ಅಮರ ಪ್ರೇಮ ಅನ್ನುತ್ತಾರೆ, ಕೊನೆಗೆ ಜೇನ್ ಆಸ್ಟಿನ್ ಅನ್ನುತ್ತಾರೆ! ಆಕೆ ತೀರಿಕೊಂಡದ್ದು 1817ರಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಇರಲಿ, ಗೈಡು ಓದಿ ಪಾಸಾದವರ ಜೊತೆ ವಾದ ಬೇಡ. ಖಾನಾಪುರದಿಂದ ದಿನಾ ಬಸ್ಸು ಹಿಡಿದು ಕಾಲೇಜಿಗೆ ಬರುವವರೇ, ನಿಮಗೆ ಹೇಳುತ್ತೇನೆ.

ನಾಯಕ ನಾಯಕಿಯರನ್ನು ಸ್ವಲ್ಪ ಬದಿಗಿಡಿ, ಮನೆಯ ಆಳುಗಳನ್ನು ನೋಡಿ. ಬಾಗಿಲು ತೆಗೆದವಳು ಯಾರು, ಚೀಟಿ ಮುಟ್ಟಿಸಿದವಳು ಯಾರು, ಯಾವ ಮಾತು ಯಾರ ಕಿವಿಗೆ ಬಿತ್ತು?

'ವುದರಿಂಗ್ ಹೈಟ್ಸ್' (1847) ತೆಗೆದುಕೊಳ್ಳಿ. ಎಮಿಲಿ ಬ್ರಾಂಟೆ ಅದನ್ನು ಎಲ್ಲಿಸ್ ಬೆಲ್ ಎಂಬ ಹೆಸರಿನ ಮರೆಯಲ್ಲಿ ಅಚ್ಚು ಹಾಕಿಸಿದಳು. ಒಂಬತ್ತನೇ ಅಧ್ಯಾಯ. ಅಡುಗೆಮನೆಯಲ್ಲಿ ಆಳುಮಗಳು ನೆಲ್ಲಿ ಕೂಸನ್ನು ಮಲಗಿಸುತ್ತಿದ್ದಾಳೆ. ಮನೆಯ ಮಗಳು ಕ್ಯಾಥರಿನ್ ಬಂದು ಮನಸ್ಸು ಬಿಚ್ಚುತ್ತಾಳೆ: ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ತನ್ನ ಅಂತಸ್ತು ಇಳಿಯುತ್ತದೆ. ಮರೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಅವನು ಅಷ್ಟು ಕೇಳಿ ಸದ್ದಿಲ್ಲದೆ ಎದ್ದು ಹೋಗುತ್ತಾನೆ. ತಾನು ಅವನನ್ನೆಷ್ಟು ಪ್ರೀತಿಸುತ್ತೇನೆಂದು ಅವಳು ಹೇಳುವುದು ಅದರ ಬೆನ್ನಿಗೇ. ಅವನು ಹೋದದ್ದನ್ನು ಕಂಡವಳು ನೆಲ್ಲಿ ಒಬ್ಬಳೇ. ಅವಳು 'ಸುಮ್ಮನಿರು' ಅಂದದ್ದಕ್ಕೆ ಕ್ಯಾಥರಿನ್ ಯಾಕೆಂದು ಕೇಳಿದರೆ, ಇನ್ನೊಬ್ಬ ಆಳು ಜೋಸೆಫ್ ಬಂದನೆಂದು ಮಾತು ಹಾರಿಸುತ್ತಾಳೆ! ಇಡೀ ಕಾದಂಬರಿಯ ಬಹುಭಾಗವನ್ನು ನಮಗೆ ಹೇಳುವವಳೂ ಇವಳೇ. ಒಡೆಯರ ಮಾನ ಅಪಮಾನ ಎಲ್ಲ ಇವಳ ಬಾಯಲ್ಲಿದೆ. ಇದನ್ನು ಗಮನಿಸದವರು ಕಾದಂಬರಿ ಓದಿಲ್ಲ, ಪುಟ ತಿರುವಿದ್ದಾರೆ.

ನನ್ನ ಕಣ್ಣು ತೆರೆಸಿದ್ದು ಪ್ರೊಫೆಸರರಲ್ಲ. ನಮ್ಮದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು. 'ಸಿಂಗಾರೆವ್ವ ಮತ್ತು ಅರಮನೆ'ಯಲ್ಲಿ (1982) ದೇಸಗತಿ ಮನೆ ಹೊಕ್ಕ ಹೆಣ್ಣಿನ ಕಥೆಯನ್ನು ಹೇಳುವವಳು ಅವಳ ಆಳುಮಗಳು. ಅದನ್ನು ಓದಿದ ಮೇಲೆ ಮತ್ತೆ ನೆಲ್ಲಿಯ ಹತ್ತಿರ ಹೋದೆ. ಇಂಗ್ಲಿಷ್ ಪುಸ್ತಕ ವಾಡೆಯ ಹಿತ್ತಲ ಬಾಗಿಲಿನಿಂದ ತೆರೆದುಕೊಂಡಿತು. 2003ರಲ್ಲಿ ಕಂಬಾರರ ಆ ಕಾದಂಬರಿಯ ಮೇಲೆ ನಾಗಾಭರಣರ ಸಿನಿಮಾ ಬಂದಾಗ ನನ್ನ ಪಕ್ಕ ಕೂತವರಿಗೆ ಸೀರೆ ಒಡವೆಗಳದೇ ಚರ್ಚೆ.

'ವುದರಿಂಗ್ ಹೈಟ್ಸ್'ನ 1939ರ ಸಿನಿಮಾವನ್ನು ಹೊಗಳುವವರಿಗಂತೂ ಕೈಮುಗಿಯಬೇಕು. ಅದು ಎರಡನೇ ತಲೆಮಾರಿನ ಕಥೆಯನ್ನೇ ಕತ್ತರಿಸಿ ಹಾಕಿದೆ. ಆಸ್ತಿಯ ಆಟವಿರುವುದೇ ಅಲ್ಲಿ. 1870, 1882ರ ಕಾಯ್ದೆಗಳು ಬರುವತನಕ ಇಂಗ್ಲೆಂಡಿನಲ್ಲಿ ಹೆಂಡತಿಯ ಹಣ ಒಡವೆ ಗಂಡನದು, ಅವಳ ಜಮೀನಿನ ಹಿಡಿತವೂ ಅವನದೇ. ಹೀತ್‌ಕ್ಲಿಫ್ ಕ್ಯಾಥರಿನ್‌ಳ ಮಗಳನ್ನು ಕೂಡಿಹಾಕಿ ತನ್ನ ಮಗನಿಗೆ ಕಟ್ಟುವುದು ಅದಕ್ಕೇ. ಪ್ರೇಮಕಥೆಯಂತೆ! ಉತಾರ ಯಾರ ಹೆಸರಿಗಾಯಿತು ನೋಡಿ.

ಉಳಿದವರ ಬಗ್ಗೆ ಎರಡು ಮಾತು. 'ಜೇನ್ ಏರ್' ಓದುವಾಗ ಟ್ಯೂಷನ್ ಹೇಳುವ ಹೆಣ್ಣು ಮನೆಯವಳೂ ಅಲ್ಲ, ಆಳೂ ಅಲ್ಲ ಎಂಬುದು ನೆನಪಿರಲಿ. ಹಾರ್ಡಿಯ ಟೆಸ್ ಹಾಲು ಕರೆಯುವ ದೃಶ್ಯಗಳನ್ನು ಅವಸರದಲ್ಲಿ ಓದಬೇಡಿ. ಡಿಕೆನ್ಸ್‌ನ ಹೆಣ್ಣುಗಳು ನನಗೆ ರುಚಿಸಿಲ್ಲ.

ಗೈಡನ್ನು ರದ್ದಿಗೆ ಹಾಕಿ. ಮೊದಲು ಕಂಬಾರರು, ಆಮೇಲೆ ಎಮಿಲಿ. ಈ ಕ್ರಮದಲ್ಲಿ ಓದಿ.